ಗುತ್ತೆಪ್ಪ ಮುಳ್ಳು ಹಚ್ಚಿದ್ದು

ಆವರಗೆರೆಯಲ್ಲಿ ಗುತ್ತೆಪ್ಪನಿಗೆ ಹೆದರುವವರು ಯಾರೂ ಇರಲಿಲ್ಲ, ಹೊರಬೀಡಿನ ದಿನ ಒಂದನ್ನು ಬಿಟ್ಟು. ಉಳಿದ ದಿನಗಳಲ್ಲಿ ಅವನು ತುಂಡು ಹೊಲದಲ್ಲಿ ಮೆಕ್ಕೆಜೋಳ ಬೆಳೆದುಕೊಂಡು, ಒಂದು ಎಮ್ಮೆ ಕಟ್ಟಿಕೊಂಡು, ಡೈರಿಯ ಮುಂದೆ ಸಾಲು ಮುರಿದು ನುಗ್ಗಿದವರಿಗೆ ಒಂದು ಮಾತು ಅನ್ನಲೂ ಬಾರದ ಸಾದಾ ಮನುಷ್ಯ. ದಾವಣಗೆರೆಯ ಟೌನ್ ಬಸ್ಸಿನ ಕಂಡಕ್ಟರ್ ಸಹ ಅವನನ್ನು ಹಿಂದಕ್ಕೆ ಸರಿ ಎಂದು ಗದರಿಸುತ್ತಿದ್ದ. ಹೊರಬೀಡಿನ ದಿನ ಮಾತ್ರ ಊರಿಗೆ ಊರೇ ಅವನ ಮಾತು ಕೇಳಬೇಕಿತ್ತು.

ಹೊರಬೀಡೆಂದರೆ ಊರು ಬಿಡುವ ದಿನ. ರೋಗ ರುಜಿನ ಜಾಸ್ತಿಯಾದ ವರ್ಷ ಹಿರಿಯರು ಒಂದು ಮಂಗಳವಾರ ಗೊತ್ತು ಮಾಡುತ್ತಾರೆ. ಅವತ್ತು ಹೊತ್ತು ಹುಟ್ಟುವುದರೊಳಗೆ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಮಕ್ಕಳು ಮುದುಕರು ದನ ಕರು ಕೋಳಿ ಎಲ್ಲವನ್ನೂ ಕಟ್ಟಿಕೊಂಡು, ಊರಮ್ಮನನ್ನು ಪೂಜಾರಿಯ ತಲೆಯ ಮೇಲೆ ಹೊರಿಸಿಕೊಂಡು, ಗಡಿ ದಾಟಿ ಹೋಗಬೇಕು. ಹಗಲೆಲ್ಲ ಬಯಲಲ್ಲಿ ಅಡುಗೆ ಮಾಡಿ ಉಂಡು, ಹೊತ್ತು ಮುಳುಗಿದ ಮೇಲೆ ತಿರುಗಿ ಬರಬೇಕು. ಊರೊಳಗೆ ಓಡಾಡುವ ರೋಗ ಮನೆ ಮನೆ ತಿರುಗಿ, ಎಲ್ಲೂ ಒಂದು ನರಪಿಳ್ಳೆ ಸಿಗದೆ, ಬೇಜಾರಾಗಿ ತನ್ನ ದಾರಿ ಹಿಡಿಯುತ್ತದೆ ಎಂಬುದು ಲೆಕ್ಕಾಚಾರ. ಒಬ್ಬನೇ ಒಬ್ಬ ಒಳಗೆ ಉಳಿದರೂ ರೋಗಕ್ಕೆ ಮಾತಾಡಿಸಲು ಜನ ಸಿಕ್ಕಂತಾಗಿ ಎಲ್ಲಾ ಹಾಳು.

ಒಬ್ಬರೂ ಉಳಿಯದಂತೆ ನೋಡಿಕೊಳ್ಳುವುದು ಗುತ್ತೆಪ್ಪನ ಮನೆತನಕ್ಕೆ ಬಂದ ಕೆಲಸ. ನಸುಕಿನಲ್ಲಿ ಮನೆ ಮನೆ ಕದ ಬಡಿದು ಎಬ್ಬಿಸುವುದು, ಒಲೆಯ ಮೇಲೆ ಅಂಗೈ ಇಟ್ಟು ಕಾವು ನೋಡುವುದು, ಎಲ್ಲರೂ ದಾಟಿದ ಮೇಲೆ ಊರಿಂದ ಹೊರಹೋಗುವ ಒಂದೊಂದು ದಾರಿಗೂ ಜಾಲಿಯ ಮುಳ್ಳುಕೊಂಬೆ ಅಡ್ಡ ಹಚ್ಚಿ ಕಟ್ಟಕಡೆಗೆ ತಾನು ಹೊರಬೀಳುವುದು. ಸಂಜೆ ಆ ಮುಳ್ಳು ಎತ್ತಿ ಮೊದಲು ಒಳಗೆ ಕಾಲಿಡುವವನೂ ಅವನೇ. ಹಿಂದೊಂದು ವರ್ಷ ಊರಿನ ದೊಡ್ಡ ಜಮೀನುದಾರ ತೋಟಪ್ಪ ಮರೆತು ಬಂದ ನಶ್ಯದ ಡಬ್ಬಿಗಾಗಿ ಮಟಮಟ ಮಧ್ಯಾಹ್ನ ಬುಲೆಟ್ ಏರಿ ವಾಪಸು ಬಂದಿದ್ದ. ಗುತ್ತೆಪ್ಪ ಮುಳ್ಳಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ಸಂಜಿಗೆ ಬರ್ರಿ ಗೌಡ್ರೆ" ಅಂದಿದ್ದನಷ್ಟೆ. ತೋಟಪ್ಪ ದಾವಣಗೆರೆ ಪೇಟೆಗೆ ಹೋಗಿ ಹೊಸ ಡಬ್ಬಿ ಕೊಂಡ. ಆ ಸಂಗತಿಯನ್ನು ಗುತ್ತೆಪ್ಪ ಎಮ್ಮೆಗೆ ಹುಲ್ಲು ಹಾಕುವಾಗ ನೆನೆದು ಒಬ್ಬನೇ ನಗುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ಸಹನಾ. ಆ ಹೆಸರಿಟ್ಟವರು ದುಡುಕಿದರು ಎಂಬುದರಲ್ಲಿ ಊರಲ್ಲಿ ಎರಡು ಮಾತಿರಲಿಲ್ಲ. ಅವಳನ್ನು ಹರಿಹರದಲ್ಲಿದ್ದ ತನ್ನ ಅಕ್ಕ ಬಸವಣ್ಣೆಮ್ಮನ ಮಗನಿಗೆ ಕೊಡುತ್ತೇನೆಂದು ಗುತ್ತೆಪ್ಪ ಮಾತು ಕೊಟ್ಟಿದ್ದ. ಸಹನಾ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಸ್ಕೂಟರ್ ರಿಪೇರಿ ಮಾಡುವ ನಿಂಗರಾಜನ ಕೊರಳಿಗೆ ಹಾರ ಹಾಕಿ, ಅವನನ್ನು ಕರೆದುಕೊಂಡೇ ಮನೆ ಮುಂದೆ ಬಂದು ನಿಂತಳು. ಗುತ್ತೆಪ್ಪ ಬಾಗಿಲಿಗೆ ಅಡ್ಡ ನಿಂತ. "ಇವತ್ತಿನಿಂದ ನೀನು ಊರ ಹೊರಗಿನಾಕಿ. ನಿನ್ನ ಹೊಸಲು ನಾನು ತುಳಿಯಂಗಿಲ್ಲ" ಎಂದ. ಡೈರಿಯ ಸಾಲಿನಲ್ಲಿ ಬಾಯಿ ಸತ್ತ ಮನುಷ್ಯನಿಗೆ ಎಲ್ಲಿತ್ತೋ ಆ ದನಿ.

ಅತ್ತ ಹರಿಹರದಲ್ಲಿ ಅಕ್ಕ ಬಸವಣ್ಣೆಮ್ಮ ಆ ಶ್ರಾವಣ ಕಳೆಯುವುದರೊಳಗೆ ಮಗನಿಗೆ ಬೇರೆ ಹೆಣ್ಣು ತಂದಳು. ದಾವಣಗೆರೆಗೆ ಸೀರೆ ಕೊಳ್ಳಲು ಬಂದಾಗಲೆಲ್ಲ ಸಹನಾಳ ಮನೆಯಲ್ಲೇ ಉಂಡು, ಒಂದು ನಿದ್ದೆ ಹೊಡೆದು ಹೋಗುತ್ತಿದ್ದಳು. ಸಿಟ್ಟಾಗಬೇಕಾದವಳೇ ಸಿಟ್ಟು ಬಿಟ್ಟ ಮೇಲೆ ಅವಳ ಪಾಲಿನದನ್ನೂ ಗುತ್ತೆಪ್ಪ ತನ್ನ ಹೆಗಲಿಗೇ ಹಾಕಿಕೊಂಡ. ಹೆಂಡತಿ ಮರಿಯವ್ವ ಸೆರಗಿನೊಳಗೆ ರೊಟ್ಟಿ ಮುಚ್ಚಿಕೊಂಡು ಮಗಳ ಮನೆಗೆ ಹೋಗಿಬರುವುದು ಅವನಿಗೆ ಗೊತ್ತಿತ್ತು. ಅವಳಿಗೂ ಅವನಿಗೆ ಗೊತ್ತಿರುವುದು ಗೊತ್ತಿತ್ತು. ಹೀಗೆ ಇಬ್ಬರೂ ಏನೂ ಗೊತ್ತಿಲ್ಲದವರಂತೆ ಸಂಸಾರ ಮಾಡುತ್ತಿದ್ದರು.

ಫಜೀತಿಯೆಂದರೆ, ಊರ ಹೊರಗೆ ಹಾಕಿಸಿಕೊಂಡ ಮಗಳು ದೂರವೇನೂ ಹೋಗಿರಲಿಲ್ಲ. ತೋಟಪ್ಪ ಊರಿಗೆ ಅಂಟಿದ ತನ್ನ ಜೋಳದ ಹೊಲವನ್ನು ಸೈಟು ಮಾಡಿ ಮಾರಿ, ಅದಕ್ಕೆ ತನ್ನದೇ ಹೆಸರಿಟ್ಟು ತೋಟಪ್ಪ ನಗರ ಎಂದು ಬೋರ್ಡು ಬರೆಸಿದ್ದ. ಅದರ ಮೂಲೆ ಮನೆಯೇ ಸಹನಾಳದ್ದು. ಗುತ್ತೆಪ್ಪ ತನ್ನ ಎಮ್ಮೆಯ ಕೊಟ್ಟಿಗೆಯಲ್ಲಿ ನಿಂತರೆ ಅವಳು ಒಣಹಾಕಿದ ಬಟ್ಟೆ ಕಾಣುತ್ತಿತ್ತು. ಆಮೇಲಾಮೇಲೆ ಆ ಹಗ್ಗದ ಮೇಲೆ ಸಣ್ಣ ಸಣ್ಣ ಲಂಗೋಟಿಗಳೂ ಕಾಣತೊಡಗಿದವು. ಆ ಮನೆಯ ಮುಂದೆ ಹಾಯುವಾಗ ಗುತ್ತೆಪ್ಪ ಆಕಾಶ ನೋಡುತ್ತ ಹೋಗುತ್ತಿದ್ದ. ಹಾಗೆ ಹೋಗಿ ಎರಡು ಸಲ ಚರಂಡಿಗೆ ಬಿದ್ದಿದ್ದ.

ದಾವಣಗೆರೆ ಜಿಲ್ಲೆಯಾದ ಮರುವರ್ಷ ಬೇಸಿಗೆಗೆ ಮೊದಲೇ ಆವರಗೆರೆಯ ಮಕ್ಕಳಿಗೆ ದಡಾರ ಎದ್ದಿತು. ಮನೆ ಮನೆಗೂ ಬೇವಿನ ಸೊಪ್ಪು ಸಿಕ್ಕಿಸಿದರು. ಊರಮ್ಮನ ಪೂಜಾರಿ ಅಜ್ಜಯ್ಯ ಗುಡಿಕಟ್ಟೆಗೆ ಎಲ್ಲರನ್ನೂ ಕರೆಸಿ ಮಂಗಳವಾರದ ಹೊರಬೀಡು ಗೊತ್ತು ಮಾಡಿದ. ಅಲ್ಲಿಯವರೆಗೆ ಎಲ್ಲಾ ಸರಿಯಿತ್ತು. ಅಷ್ಟರಲ್ಲಿ ಯಾರೋ ಒಬ್ಬ, "ಎಲ್ಲಿಗೆ ಹೋಗಾಣ?" ಎಂದು ಕೇಳಿಬಿಟ್ಟ.

ಕಳೆದ ಹೊರಬೀಡಿನಲ್ಲಿ ಉಂಡೆದ್ದ ಹುಣಸೆತೋಪು ಈಗ ಕಲ್ಯಾಣ ಮಂಟಪವಾಗಿತ್ತು. ಊರ ಅಗಸೆಬಾಗಿಲಿನ ಕಲ್ಲುಗಳನ್ನು ರಸ್ತೆ ಅಗಲ ಮಾಡುವಾಗ ಕಿತ್ತಿದ್ದರು. ಅಗಸೆ ದಾಟಿದರೆ ತೋಟಪ್ಪ ನಗರ, ತೋಟಪ್ಪ ನಗರ ದಾಟಿದರೆ ಇನ್ನೊಂದು ಬಡಾವಣೆ, ಅದನ್ನು ದಾಟಿದರೆ ದಾವಣಗೆರೆ. ಊರು ಎಲ್ಲಿ ಮುಗಿಯುತ್ತದೆ ಎಂದು ಹೇಳುವವರೇ ಇಲ್ಲ.

ತೋಟಪ್ಪ ಎದ್ದು ನಿಂತ. "ಊರು ಅಗಸೇಗೆ ಮುಗೀತು. ನನ್ನ ನಗರ ಸಿಟಿಗೆ ಸೇರಿದ್ದು. ಸಿಟಿಯೊಳಗಿನ ಸೈಟು ಅಂತ ಹೇಳಿ ಮಾರೀನಿ. ಈಗ ಅದನ್ನ ಹಳ್ಳಿ ಅಂದ್ರೆ ತಗೊಂಡೋರು ನನ್ನ ಸುಮ್ನೆ ಬಿಡ್ತಾರ?"

ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುವ ಕೊಟ್ಟೂರೇಶ್‌ಗೆ ಅದು ಒಪ್ಪಿಗೆಯಾಗಲಿಲ್ಲ. "ಅಲ್ರಿ, ಟೌನ್ ಬಸ್ಸು ನಮ್ಮ ಗುಡಿ ಮುಂದ ನಿಲ್ತೈತೆ. ವಿಳಾಸದಾಗೆ ದಾವಣಗೆರೆ ಅಂತ ಬರಿತೀವಿ. ಅಂದ ಮ್ಯಾಲೆ ನಮ್ಮ ಊರು ಅಂದ್ರೆ ದಾವಣಗೆರೆ. ಊರು ಬಿಡೋದು ಅಂದ್ರೆ ದಾವಣಗೆರೆನೇ ಬಿಡಬೇಕು. ಹರಿಹರಕ್ಕೆ ಹೋಗಬೇಕು."

"ಹಂಗಾದ್ರೆ ದಾವಣಗೆರೆ ಮಂದಿನೂ ಊರು ಬಿಡಬೇಕಲ್ಲಪ್ಪ?" ಎಂದ ಅಜ್ಜಯ್ಯ.

"ನ್ಯಾಯವಾಗಿ ಬಿಡಬೇಕು" ಎಂದ ಕೊಟ್ಟೂರೇಶ್. "ಆದ್ರೆ ಅವರಿಗೆ ಹೇಳೋರು ಯಾರು?"

ಎಲ್ಲರೂ ತಿರುಗಿ ಗುತ್ತೆಪ್ಪನನ್ನು ನೋಡಿದರು. ಇಡೀ ದಾವಣಗೆರೆಯ ಕದ ಬಡಿದು, ಮಂಡಕ್ಕಿ ಭಟ್ಟಿಗಳ ಬೆಂಕಿ ಆರಿಸಿ, ಒಂದೊಂದು ಬೆಣ್ಣೆದೋಸೆ ಹೋಟೆಲಿನ ಕಾವಲಿಯ ಮೇಲೂ ಅಂಗೈ ಇಟ್ಟು ನೋಡುತ್ತ ಹೋಗುವುದು ಅವನ ಕಣ್ಣಿಗೆ ಕಟ್ಟಿತು. ಆಗುವುದಿಲ್ಲ ಎನ್ನಲು ಬಾಯಿ ತೆರೆದ. ಆದರೂ ಒಂದು ಗಳಿಗೆ, ಆಗಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಕಡೆಗೆ ಊರಮ್ಮನ ಹೂವು ಕೇಳಿದರು. ತೋಟಪ್ಪ ನಗರ ಊರೊಳಗೆ ಅನ್ನುವುದಾದರೆ ಬಲಕ್ಕೆ ಹೂ ಕೊಡು ತಾಯಿ ಎಂದರು. ಹೂ ಬಲಕ್ಕೆ ಬಿತ್ತು. ತೋಟಪ್ಪ ಒಪ್ಪಲಿಲ್ಲ. ಊರ ಹೊರಗೆ ಅನ್ನುವುದಾದರೆ ಬಲಕ್ಕೆ ಕೊಡು ಎಂದು ತಾನೇ ಇನ್ನೊಮ್ಮೆ ಕೇಳಿದ. ಮತ್ತೆ ಬಲಕ್ಕೇ ಬಿತ್ತು. ಅಜ್ಜಯ್ಯ ತಲೆ ಕೆರೆದುಕೊಂಡು, "ಅಮ್ಮ ಎರಡಕ್ಕೂ ಹೂಂ ಅಂದಾಳೆ. ಗುತ್ತೆಪ್ಪ ಎಲ್ಲಿ ಮುಳ್ಳು ಹಚ್ತಾನೋ ಅದೇ ಗಡಿ" ಎಂದು ಕೈ ತೊಳೆದುಕೊಂಡ. ಕೊಟ್ಟೂರೇಶ್ ಮಾತ್ರ ತನ್ನ ಲೆಕ್ಕ ಬಿಡದೆ, ತನ್ನ ಕಡೆಯವರನ್ನು ಸೇರಿಸಿಕೊಂಡು ಹರಿಹರಕ್ಕೇ ಹೋಗುವುದಾಗಿ ಹೇಳಿ ಎದ್ದ.

ಅವತ್ತು ರಾತ್ರಿ ಮುದ್ದೆ ಬಡಿಸುತ್ತ ಮರಿಯವ್ವ ಕೇಳಿದಳು, "ಏನ್ರಿ, ಮುಳ್ಳು ಎಲ್ಲಿ ಹಚ್ತೀರಿ?"

"ಅದು ನನ್ನ ಕೆಲಸ."

"ಅಗಸೇಗೆ ಹಚ್ಚಿದ್ರೆ ನನ್ನ ಮಗಳು, ಮೊಮ್ಮಗಳು ಊರ ಹೊರಗೆ. ಆ ಕೂಸಿಗೆ ಊರಮ್ಮನ ಕಾವಲು ಇಲ್ಲ. ತೋಟಪ್ಪ ನಗರದ ಆಚೆ ತುದಿಗೆ ಹಚ್ಚಿದ್ರೆ ಅವರೂ ಊರಿನೋರು. ನೀವು ಹೋಗಿ ಕದ ಬಡಿದು ಕರೀಬೇಕು. ಅಷ್ಟು ತಿಳಿದು ಹಚ್ಚರಿ."

ಗುತ್ತೆಪ್ಪ ಮುದ್ದೆ ಮುರಿಯುತ್ತ ಕೂತ. ಇಷ್ಟು ದಿನ ಕದ ಬಡಿದದ್ದೆಲ್ಲ ಮಂದಿಯನ್ನು ಹೊರಗೆ ಹಾಕುವುದಕ್ಕೆ ಎಂದುಕೊಂಡಿದ್ದ. ಊರು ಬಿಡು ಎಂದು ಹೇಳುವುದು ನೀನು ಈ ಊರಿನವಳು ಎಂದು ಹೇಳಿದಂತೆ ಅನ್ನುವುದು ಅವನಿಗೆ ಹೊಳೆದದ್ದೇ ಆಗ. ನಿಜ ಹೇಳಬೇಕೆಂದರೆ ಅವನಿಗೆ ಆ ಕೂಸು ಊರೊಳಗೆ ಇರಬೇಕಿತ್ತು, ಅದರ ಅವ್ವ ಹೊರಗೆ. ಅಂಥ ಗಡಿ ಹಾಕುವುದು ಹೇಗೆಂದು ಯೋಚಿಸುತ್ತ ಯೋಚಿಸುತ್ತ ಅವನಿಗೆ ನಿದ್ದೆ ಹತ್ತಲಿಲ್ಲ.

ಮಂಗಳವಾರ ನಸುಕಿನಲ್ಲಿ ಕೈಗಾಡಿಯ ತುಂಬ ಜಾಲಿಮುಳ್ಳು ಹೇರಿಕೊಂಡು ಹೊರಟ. ಹಳೇ ಊರಿನ ಮನೆಗಳನ್ನು ಎಬ್ಬಿಸಿ ಅಗಸೆಗೆ ಬಂದ. ಕಲ್ಲಿಲ್ಲದ ಅಗಸೆಗೆ ಮುಳ್ಳು ಒರಗಿಸುವುದು ಹೇಗೆ, ಗಾಳಿಗೆ ಹಾರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕೇಳುವವರು ಯಾರೂ ಇಲ್ಲದಿದ್ದರೂ ಜೋರಾಗಿಯೇ ಹೇಳಿದ. ಹೇಳಿ, ಗಾಡಿಯನ್ನು ತೋಟಪ್ಪ ನಗರದೊಳಕ್ಕೆ ತಳ್ಳಿದ.

ಮೊದಲ ಮನೆಯ ಕದ ತೆರೆದವನು ರಿಟೈರ್ಡ್ ಗುಮಾಸ್ತ ಬಕ್ಕೇಶಪ್ಪ. ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಟಾರ್ಚು.

"ಊರು ಹೊರಬೀಳ್ತೈತ್ರಿ. ಒಲೆ ಆರಿಸಿ ಹೊರಡ್ರಿ" ಎಂದ ಗುತ್ತೆಪ್ಪ.

"ಯಾವ ಊರು? ನಾನು ಜಗಳೂರಿನೋನು ಮಾರಾಯ."

"ರಾತ್ರಿ ಇಲ್ಲಿ ಮಲಗಿದ್ರಲ್ಲ? ಇವತ್ತಿಗೆ ಇದೇ ನಿಮ್ಮ ಊರು."

ಸರ್ವಿಸಿನಲ್ಲಿ ಇದ್ದಷ್ಟು ದಿನವೂ ಯಾರಾದರೂ ಗಟ್ಟಿ ದನಿಯಲ್ಲಿ ಹೇಳಿದ್ದನ್ನು ಮಾಡಿಯೇ ಬಕ್ಕೇಶಪ್ಪನಿಗೆ ಅಭ್ಯಾಸ. ಥರ್ಮಾಸ್ ಹುಡುಕಲು ಒಳಗೆ ಹೋದ. ಗುತ್ತೆಪ್ಪ ಅವನ ಗ್ಯಾಸ್ ಒಲೆಯ ಮೇಲೆ ಅಂಗೈ ಇಟ್ಟು ನೋಡಿದ. ಅದು ತಣ್ಣಗಿತ್ತು, ಆದರೆ ಇಂಥ ಒಲೆಯನ್ನು ನಂಬುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಪಕ್ಕದ ಮನೆಯ ರಹಮತ್ ಬೀ ಆಗಲೇ ಬೀಗ ಹಾಕಿ, ಕೋಳಿಬುಟ್ಟಿ ಸೊಂಟಕ್ಕೇರಿಸಿ ನಿಂತಿದ್ದಳು. "ನಮ್ಮ ತೌರಿನಾಗೂ ಊರು ಬಿಡ್ತಿದ್ರು ಭಯ್ಯಾ. ಇಲ್ಲಿ ಯಾಕ ಯಾರೂ ಕರಿಯಲ್ಲ ಅಂತ ಅನ್ಕೊಂತಿದ್ದೆ" ಎಂದಳು. ಗುತ್ತೆಪ್ಪನಿಗೆ ಯಾಕೋ ನಾಚಿಕೆಯಾಯಿತು.

ಕಡೆಗೆ ಮೂಲೆ ಮನೆ ಬಂತು. ಒಳಗೆ ದೀಪ ಉರಿಯುತ್ತಿತ್ತು. ಸಹನಾ ಯಾರಿಗೋ ಬೈಯುತ್ತಿದ್ದಳು, ಪ್ರಾಯಶಃ ಗಂಡನಿಗೆ. ಆ ಬೈಗುಳದ ನಡುವೆ ಒಂದು ಕೂಸು ಕಿಲಕಿಲ ನಕ್ಕಿತು. ಗುತ್ತೆಪ್ಪ ಗೇಟಿನ ಮೇಲೆ ಕೈ ಇಟ್ಟ. ತೆಗೆದ. ಮತ್ತೆ ಇಟ್ಟ. ಬಡಿದರೆ ಮಾತು ಮುರಿದಂತೆ. ಬಡಿಯದೆ ಹೋದರೆ ಊರೊಳಗೆ ಮನುಷ್ಯರನ್ನು ಬಿಟ್ಟಂತೆ, ಮನೆತನಕ್ಕೆ ಕಳಂಕ. ಆಗ ಅವನ ತಲೆಗೆ ಒಂದು ಉಪಾಯ ಬಂತು. ಗಾಡಿಯಿಂದ ಒಂದು ಮುಳ್ಳುಕೊಂಬೆ ಎಳೆದು ಮಗಳ ಗೇಟಿಗೆ ಅಡ್ಡ ಹಚ್ಚಿದ. ಮುಳ್ಳು ಇದ್ದಲ್ಲಿ ಗಡಿ. ಈ ಗೇಟಿನ ಆಚೆ ಊರಿಲ್ಲ. ಊರಿಲ್ಲದ ಮೇಲೆ ಅಲ್ಲಿರುವವರನ್ನು ಕರೆಯುವ ಪ್ರಶ್ನೆಯೂ ಇಲ್ಲ. ಅವಸರದಲ್ಲಿ ಒಂದು ಮುಳ್ಳು ಅಂಗೈಗೆ ಇಳಿದು ಮುರಿಯಿತು. ಬುದ್ಧಿವಂತಿಕೆಯ ಖುಷಿಯಲ್ಲಿ ಅವನಿಗೆ ನೋವೇ ಗೊತ್ತಾಗಲಿಲ್ಲ. ಕೂಸು ಗಡಿಯ ಆಚೆಗೇ ಉಳಿದದ್ದು ತುಸು ಹೊತ್ತಿನ ಮೇಲೆ ಹೊಳೆಯಿತು. ಆಗ ಮಾತ್ರ ಅಂಗೈ ಚುರುಗುಟ್ಟಿತು.

ಅಷ್ಟರಲ್ಲಿ ಊರು ಬಂತು. ಮುಂದೆ ಹಲಗೆ ಬಡಿಯುವವರು, ಹಿಂದೆ ಊರಮ್ಮನನ್ನು ತಲೆಯ ಮೇಲೆ ಹೊತ್ತ ಅಜ್ಜಯ್ಯ, ಅವನ ಹಿಂದೆ ಗಡಿಗೆ ಬುಟ್ಟಿ ಕಟ್ಟಿಗೆ ಹೊತ್ತ ಹೆಂಗಸರು, ಮೈಮೇಲೆ ದಡಾರದ ಕಲೆಯಿದ್ದ ಮಕ್ಕಳು, ಆಡು, ದನ. ಕೊಟ್ಟೂರೇಶ್‌ನ ಪಂಗಡ ಮೊದಲ ಬಸ್ಸಿಗೇ ಹರಿಹರ ಸೇರಲು ಹೊರಟಾಗಿತ್ತು. ಉಳಿದವರೆಲ್ಲ ತೋಟಪ್ಪ ನಗರದ ಆಚೆಯ ಒಂದು ಪಾರ್ಕಿನಲ್ಲಿ ಇಳಿಯುವುದೆಂದು ಮಾತಾಗಿತ್ತು. ಮೆರವಣಿಗೆ ಮೂಲೆ ಮನೆಯ ಹತ್ತಿರ ಬರುವ ಹೊತ್ತಿಗೆ ಎದುರಿನಿಂದ ಪಾರ್ಕಿನ ವಾಚ್‌ಮನ್ ಹಯಾತ್ ಸಾಬ್ ಸೈಕಲ್ ತುಳಿದುಕೊಂಡು ಬಂದ.

"ಬರಬ್ಯಾಡ್ರಿ! ಗೇಟಿಗೆ ಬೀಗ ಜಡಿದಾರೆ. ಪಾರ್ಕಿನಾಗೆ ಒಲೆ ಹಚ್ಚಂಗಿಲ್ಲ ಅಂತ ರೂಲ್ಸಂತೆ. ಚಾವಿ ಇಟ್ಕೊಂಡೋರು ಊರಾಗಿಲ್ಲ."

"ಅವರೂ ಊರು ಬಿಟ್ರ?" ಎಂದ ಬಕ್ಕೇಶಪ್ಪ ಥರ್ಮಾಸ್ ಹಿಡಿದುಕೊಂಡು. ಯಾರೂ ನಗಲಿಲ್ಲ. ಮೂಡಲು ಕೆಂಪಾಗುತ್ತಿತ್ತು. ಊರಮ್ಮನನ್ನು ಊರೊಳಗೆ ಇಳಿಸುವಂತಿಲ್ಲ, ಹೊತ್ತು ಹುಟ್ಟುವಾಗ ಅವಳು ಊರೊಳಗೆ ಇರುವಂತೆಯೂ ಇಲ್ಲ. ಅಜ್ಜಯ್ಯ ಕುತ್ತಿಗೆ ಹೊರಳಿಸಲಾಗದೆ ಬರೀ ಕಣ್ಣು ಹೊರಳಿಸಿ ಅತ್ತಿತ್ತ ನೋಡಿದ. ಸಹನಾಳ ಗೇಟಿನ ಮುಳ್ಳು ಕಂಡಿತು.

"ಗುತ್ತೆಪ್ಪ, ಇದೇನು?"

ಮಗಳ ಮೇಲಿನ ಹಟಕ್ಕೆ ಹಚ್ಚಿದೆ ಎಂದು ಊರಮ್ಮನ ಎದುರು ಹೇಳುವುದು ಹೇಗೆ? "ಗಡಿ" ಎಂದ.

"ಇದರಾಚೆ?"

"ಊರ ಹೊರಗೆ."

"ಹಂಗಾದ್ರೆ ಎತ್ತು ಮುಳ್ಳು. ಅಮ್ಮ ಹೊರಗೆ ಹೋಗ್ತಾಳೆ" ಎಂದ ಅಜ್ಜಯ್ಯ.

ಹಲಗೆಯ ಸದ್ದಿಗೆ ಸಹನಾ ಹೊರಗೆ ಬಂದಿದ್ದಳು, ಕಂಕುಳಲ್ಲಿ ಕೂಸು ತನುಶ್ರೀ. ಮುಳ್ಳು ನೋಡಿದಳು, ಅಪ್ಪನ ಕೈಗಾಡಿ ನೋಡಿದಳು, ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಮುಖ ಕೆಂಪಗಾಯಿತು. "ನಾನು ಒಳಗ ಬಿಡಲ್ಲ ಅಂದ್ರೆ?" ಎಂದಳು. ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಜ್ವರದ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತ ಮೈ ಕೆರೆದುಕೊಂಡಿತು. ಸಹನಾ ಚಿಲಕ ತೆಗೆದಳು. "ಬರ್ರಿ. ಊರ ಹೊರಗ ಎಷ್ಟು ಜಾಗ ಐತೋ ಅಷ್ಟರಾಗೆ ಕೂಡ್ರಿ."

ಗುತ್ತೆಪ್ಪ ತಾನು ಹಚ್ಚಿದ ಮುಳ್ಳನ್ನು ತಾನೇ ಎತ್ತಿದ. ಇಡೀ ಆವರಗೆರೆ ಒಂದು ಗೇಟಿನಲ್ಲಿ ನುಗ್ಗಿತು. ಮುಂದಿನ ಅಂಗಳ ಹತ್ತಿಪ್ಪತ್ತು ಜನಕ್ಕೇ ತುಂಬಿತು. ಹಿತ್ತಿಲಿಗೆ ಅಂಟಿ ಒಂದು ಖಾಲಿ ಸೈಟಿತ್ತು, ಅದರ ಸುತ್ತ ಗೋಡೆ. ಅಲ್ಲಿಗೆ ಹೋಗಲು ಮನೆಯೊಳಗೇ ದಾರಿ. ಹೀಗಾಗಿ ಊರಮ್ಮ, ಹಲಗೆ, ಕಟ್ಟಿಗೆ, ಆಡು, ತೋಟಪ್ಪ, ತೋಟಪ್ಪನ ಬುಲೆಟ್ ಎಲ್ಲವೂ ಸಹನಾಳ ಹಾಲ್ ದಾಟಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಿನಿಂದ ಊರ ಹೊರಗಿನ ಬಯಲಿಗೆ ಹೋದವು. ನಿಂಗರಾಜ ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು ಗೋಡೆಗೆ ಅಂಟಿ ನಿಂತು, ಹಾದುಹೋದ ಒಬ್ಬೊಬ್ಬರಿಗೂ ಕೈ ಮುಗಿದ. ಗುತ್ತೆಪ್ಪನ ಎಮ್ಮೆ ನಡುಮನೆಯಲ್ಲಿ ಕೊಂಬಿಗೆ ಕರ್ಟನ್ ಸಿಕ್ಕಿಸಿಕೊಂಡು, ಅದನ್ನು ಹೊದ್ದುಕೊಂಡೇ ಹಿತ್ತಿಲು ಸೇರಿತು.

ರಸ್ತೆಯ ಮೇಲೆ ಉಳಿದವನು ಗುತ್ತೆಪ್ಪ ಒಬ್ಬನೇ. ಖಾಲಿ ಬೀದಿ, ಬೀಗ ಹಾಕಿದ ಮನೆಗಳು. ಮೂಡಲ ಕೆಂಪು ಹಳದಿಗೆ ತಿರುಗಿತ್ತು. ಮಂದಿ ಗೇಟಿನಲ್ಲಿ ನುಗ್ಗುವಷ್ಟರಲ್ಲಿ ಪಾರ್ಕಿನ ದಾರಿಯೂ ಸೇರಿ ಬೇರೆ ದಾರಿಗಳಿಗೆಲ್ಲ ತಾನೇ ಆಳೆತ್ತರ ಮುಳ್ಳು ಹಚ್ಚಿ ಬಂದಿದ್ದ. ಹೊರಗೆ ಹೋಗಲು ಇದ್ದದ್ದು ಈ ಗೇಟೊಂದೇ. ಅವನು ಊರೊಳಗೆ ಉಳಿದರೆ ಆ ಹುಡುಗಿಯ ಜ್ವರ, ಊರಿನ ಅಷ್ಟೂ ಮಕ್ಕಳ ದಡಾರ, ಎಲ್ಲಾ ಅವನ ತಲೆಗೆ. ಅಂಗಳದ ತುಂಬ ಮಂದಿ, ಸಹನಾಳ ಮನೆಯ ಮಹಡಿಯ ಮೇಲಿನಿಂದ ಬಕ್ಕೇಶಪ್ಪ, ಎಲ್ಲರೂ ನೋಡುತ್ತಿದ್ದರು. ಮರಿಯವ್ವ ಬಾಗಿಲಲ್ಲಿ ನಿಂತಿದ್ದಳು.

ಮಂದಿಯನ್ನು ಸರಿಸಿಕೊಂಡು ಸಹನಾ ಗೇಟಿಗೆ ಬಂದಳು. "ಅಪ್ಪ, ಹೊತ್ತು ಹುಟ್ತೈತೆ."

"ನಿನ್ನ ಹೊಸಲು ತುಳಿಯಲ್ಲ ಅಂದೀನಿ" ಎಂದ ಗುತ್ತೆಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಭಯವಿತ್ತು.

ಎರಡು ವರ್ಷದಿಂದ ಆಡಬೇಕೆಂದು ಕೂಡಿಟ್ಟುಕೊಂಡ ಮಾತುಗಳು ಸಹನಾಳಲ್ಲಿ ಬೇಕಾದಷ್ಟಿದ್ದವು. ಅಪ್ಪನ ಕೈಯಿಂದ ರಕ್ತ ತೊಟ್ಟಿಕ್ಕುತ್ತಿರುವುದು ಕಂಡಿತು. "ಹೊಸಲು ಯಾರು ತುಳಿತಾರಪ್ಪ? ಹೊಸಲು ತುಳೀಬಾರ್ದು ಅಂತ ಸಣ್ಣಾಕಿ ಇದ್ದಾಗ ನೀನೇ ಅಲ್ಲೇನು ಹೊಡೆದು ಕಲಿಸಿದ್ದು? ತುಳೀಬ್ಯಾಡ. ದಾಟಿ ಬಾ."

ಗುತ್ತೆಪ್ಪ ಆ ಮಾತಿನಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ. ಮುಳ್ಳುಕೊಂಬೆ ಎಳೆದುಕೊಂಡು ಹಿಮ್ಮುಖವಾಗಿ ಗೇಟಿನೊಳಗೆ ಬಂದ, ಮುಳ್ಳು ಹಚ್ಚಿದ, ಅಂಗಳ ದಾಟಿದ. ಬಾಗಿಲಲ್ಲಿ ಪಂಚೆ ಮೊಣಕಾಲಿಗೆ ಎತ್ತಿ ಹಿಡಿದು, ಹಳ್ಳ ದಾಟುವವನ ಹಾಗೆ ದೊಡ್ಡ ಹೆಜ್ಜೆಯಿಟ್ಟು ಹೊಸಲನ್ನು ಸೋಕದೆ ದಾಟಿದ. ಹಲಗೆಯವರು ಬಡಿದೇ ಬಡಿದರು.

ಆ ಹಗಲು ಹೇಗೆ ಕಳೆಯಿತೆಂದು ಕೇಳಿದರೆ ಆವರಗೆರೆಯವರು ಇವತ್ತಿಗೂ ತಲೆಗೊಂದು ಕಥೆ ಹೇಳುತ್ತಾರೆ. ನಿಂಗರಾಜ ಸ್ಕೂಟರ್ ರಿಪೇರಿಯ ಸಣ್ಣ ಚಿಮಟ ತಂದು, "ಕೈ ಕೊಡ್ರಿ ಮಾವ" ಎಂದು ಮುರಿದ ಮುಳ್ಳು ತೆಗೆದ. ತನುಶ್ರೀ ಅಜ್ಜನ ಮೀಸೆ ಹಿಡಿದು ಜಗ್ಗಿತು, ಅಜ್ಜ ಜಗ್ಗಿಸಿಕೊಂಡ. ಅಲ್ಲಿ ಹರಿಹರದ ಹೊಳೆದಂಡೆಯಲ್ಲಿ ಕೊಟ್ಟೂರೇಶ್‌ನ ಕಡೆಯವರಿಗೆ ಬೇರೆ ಯಾವುದೋ ಹಳ್ಳಿಯವರು ಎದುರಾದರು. ಅವರದ್ದೂ ಅವತ್ತೇ ಹೊರಬೀಡು. ನಿಮ್ಮ ಊರು ಯಾವುದು ಎಂದು ಅವರು ಕೇಳಿದ್ದಕ್ಕೆ ಕೊಟ್ಟೂರೇಶ್ ಲೆಕ್ಕ ಹಾಕಿ ಉತ್ತರ ಕೊಡುವಷ್ಟರಲ್ಲಿ ಅವರ ಊಟ ಮುಗಿದಿತ್ತಂತೆ. ಸಂಜೆ ಅವನ ಪಂಗಡದ ಜೊತೆ ಬಸವಣ್ಣೆಮ್ಮನೂ ಹಿತ್ತಿಲ ಗೋಡೆ ದಾಟಿ ಬಂದಳು. ತಮ್ಮ ಸಹನಾಳ ಮನೆಯಲ್ಲಿ ಕೂತದ್ದನ್ನು ನೋಡಿ, "ನಿನಗೂ ಈಗ ಹಸಿವಾತೇನು?" ಎಂದಳು.

ಹೊತ್ತು ಮುಳುಗಿತು. ಅಜ್ಜಯ್ಯ ಊರಮ್ಮನನ್ನು ತಲೆಗೇರಿಸಿಕೊಂಡ. ಮಂದಿಯೆಲ್ಲ ಅಡುಗೆಮನೆ ದಾಟಿ, ಹಾಲ್ ದಾಟಿ, ಅಂಗಳಕ್ಕೆ ಬಂದು ಗೇಟಿನ ಹಿಂದೆ ಒತ್ತಿ ನಿಂತರು. ಗುತ್ತೆಪ್ಪ ಮುಳ್ಳು ಎತ್ತಿ ಬದಿಗಿಟ್ಟ. ಮೊದಲು ಊರೊಳಗೆ ಕಾಲಿಡಬೇಕಾದವನು ಅವನು. ಆದರೆ ಅವನು ತಿರುಗಿ ನೋಡಿದ.

ಸಹನಾ ಬಾಗಿಲಿನ ಕಂಬಕ್ಕೆ ಒರಗಿ, ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲರೂ ಬಂದರೂ ಅವಳು ಮಾತ್ರ ಬಂದಿರಲಿಲ್ಲ.

"ನೀನೂ ಬಾ" ಎಂದ ಗುತ್ತೆಪ್ಪ.

"ನಾನು ಎಲ್ಲಿಗೆ ಬರಲಿ? ಇದು ಊರ ಹೊರಗೆ. ನೀನೇ ಹಚ್ಚಿದ್ದು ಮುಳ್ಳು. ನೀವೆಲ್ಲ ನಿಮ್ಮೂರಿಗೆ ಹೋಗ್ರಿ, ನಾನು ಇಲ್ಲೇ ಇರ್ತೀನಿ." ಬೆಳಗ್ಗೆಯ ಜೋರು ದನಿ ಎಲ್ಲಿ ಹೋಗಿತ್ತೋ.

ಊರೆಲ್ಲ ಗುತ್ತೆಪ್ಪನ ಬೆನ್ನಿಗೆ ಕಾಯುತ್ತಿತ್ತು. ಏನಾದರೂ ಹೇಳಬೇಕಿತ್ತು, ಹೇಳಲು ಬರಲಿಲ್ಲ. ಅವನಿಗೆ ಬರುತ್ತಿದ್ದದ್ದು ಊರು ಮುಚ್ಚುವುದು, ತೆರೆಯುವುದು, ಇಷ್ಟೇ. ಮಂದಿಯ ನಡುವೆ ತೂರಿಕೊಂಡು ವಾಪಸು ಹೋದ. ಮಗಳ ಕಂಕುಳಿನಿಂದ ಕೂಸನ್ನು ಎತ್ತಿಕೊಂಡ. ತನುಶ್ರೀ ಅಳಲಿಲ್ಲ, ಮೀಸೆಗೆ ಕೈ ಹಾಕಿತು. ಗೇಟು ದಾಟಿ ರಸ್ತೆಗಿಳಿದ. ಆ ವರ್ಷ ಖಾಲಿ ಊರಿಗೆ ಮೊದಲು ಹೊಕ್ಕವರು ಇಬ್ಬರು, ಅದರಲ್ಲಿ ಒಬ್ಬಳಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ.

"ಅಪ್ಪ, ಕೂಸನ್ನ ಎಲ್ಲಿಗೆ ಕರ್ಕೊಂಡು ಹೊಂಟೆ?" ಸಹನಾ ಕೂಗಿದಳು.

"ಊರು ತೋರಿಸ್ತೀನಿ. ಇದು ತನ್ನ ಊರು ನೋಡೇ ಇಲ್ಲ" ಎಂದ ಗುತ್ತೆಪ್ಪ. ತಿರುಗದೆ ಮುಂದೆ ಮುಂದೆ ನಡೆದ. ಬೀದಿಯಲ್ಲಿ ಒಂದು ದೀಪವೂ ಇರಲಿಲ್ಲ.

"ನಿಲ್ಲು, ಚರಂಡಿ ಐತೆ ಅಲ್ಲಿ, ಕತ್ತಲಾಗೆ ಬಿದ್ದೀಯ" ಎನ್ನುತ್ತ ಸಹನಾ ಮಂದಿಯನ್ನು ಅತ್ತಿತ್ತ ನೂಕಿ, ಗೇಟು ದಾಟಿ ಓಡಿ ಬಂದಳು. ಬರಿಗಾಲಿನಲ್ಲಿ ಬಂದಿದ್ದಳು. ಗುತ್ತೆಪ್ಪ ನಿಂತ. ಅವಳು ಬಂದು ಪಕ್ಕಕ್ಕೆ ಸೇರಿದ ಮೇಲೆ, ಹಿಂದೆ ನಿಂತ ಅಜ್ಜಯ್ಯನಿಗೆ ಕೇಳುವಂತೆ, "ಆತು, ಎಲ್ಲಾರೂ ಬಂದ್ರು, ಅಮ್ಮನ್ನ ಕರ್ಕೊಂಡು ಬರ್ರಿ" ಎಂದ.